ಆಶೀರ್ವಾದ: ತಾಯತವಲ್ಲ, ಸರ್ಟಿಫಿಕೇಟೂ ಅಲ್ಲ

ನಮ್ಮ ಧರ್ಮಕೇಂದ್ರಗಳಲ್ಲಿ ಆಶೀರ್ವಾದ ಇಲ್ಲದೆ ಒಂದು ಹಬ್ಬವೂ ಕಳೆಯುವುದಿಲ್ಲ. ಫೆಬ್ರುವರಿ 2ಕ್ಕೆ ಮೇಣದಬತ್ತಿ, ಮರುದಿನ ಸಂತ ಬ್ಲೇಸಿಯುಸರ ಹಬ್ಬಕ್ಕೆ ಗಂಟಲು, ಬೂದಿ ಬುಧವಾರಕ್ಕೆ ಬೂದಿ, ಗರಿಗಳ ಭಾನುವಾರಕ್ಕೆ ಗರಿ, ಪಾಸ್ಕ ಜಾಗರಣೆಯ ರಾತ್ರಿ ಬೆಂಕಿ ಮತ್ತು ನೀರು, ಜೂನ್ 13ಕ್ಕೆ ಸಂತ ಅಂತೋಣಿಯವರ ರೊಟ್ಟಿ, ಸೆಪ್ಟೆಂಬರ್ 8ಕ್ಕೆ ಕರಾವಳಿಯಲ್ಲಿ ಹೊಸ ಭತ್ತದ ತೆನೆ, ನವೆಂಬರ್ 2ಕ್ಕೆ ಸಮಾಧಿಗಳು. ನಡುನಡುವೆ ಹೊಸ ಮನೆ, ಹೊಸ ಸ್ಕೂಟರ್, ಪರೀಕ್ಷೆಗೆ ಹೊರಟ ಮಕ್ಕಳು, ಕೆಲಸಕ್ಕೆಂದು ಗಲ್ಫಿಗೆ ಹೊರಟ ಹುಡುಗರು. ಹೀಗೆ ಹುಟ್ಟಿನಿಂದ ಸಮಾಧಿಯವರೆಗೆ ಜೊತೆಗಿರುವುದರ ಬಗ್ಗೆಯೇ ನಮ್ಮಲ್ಲಿ ಗೊಂದಲ ಹೆಚ್ಚು. 2023ರ ಕೊನೆಯಲ್ಲಿ ವ್ಯಾಟಿಕನ್ನಿನ ಒಂದು ಘೋಷಣಾಪತ್ರ ಬಂದಾಗ ಆ ಗೊಂದಲ ಎಷ್ಟು ಆಳವಾಗಿದೆ ಎಂಬುದು ಗೊತ್ತಾಯಿತು. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ಜನ ಆಡುವ ಮಾತುಗಳನ್ನೇ ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಆಶೀರ್ವಾದ ಮಾಡಿಸಿದ ಮೇಲೆ ಇನ್ನು ಭಯವಿಲ್ಲ

ಹೊಸ ಗಾಡಿ ಕೊಂಡವರು ಶೋರೂಮಿನಿಂದ ನೇರವಾಗಿ ಚರ್ಚಿಗೆ ಬರುತ್ತಾರೆ. ಗುರುಗಳು ಪ್ರಾರ್ಥಿಸಿ ತೀರ್ಥ ಚಿಮುಕಿಸುತ್ತಾರೆ, ಕನ್ನಡಿಗೆ ಒಂದು ಜಪಸರ ತೂಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ, ನೋಡಲು ಚೆಂದವೂ ಹೌದು. ತೀರ್ಥ ಬಿದ್ದ ಗಾಡಿಗೆ ಇನ್ನೇನೂ ಆಗದು ಎಂದು ನಂಬಿ ಹೆಲ್ಮೆಟ್ಟನ್ನು ಮನೆಯಲ್ಲೇ ಬಿಟ್ಟು ಹೊರಟಾಗ ತಪ್ಪು ಶುರುವಾಗುತ್ತದೆ.

ಧರ್ಮಸಭೆ ಸಂಸ್ಕಾರಗಳನ್ನೂ ಆಶೀರ್ವಾದಗಳನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಜ್ಞಾನಸ್ನಾನ, ದೃಢೀಕರಣ, ಪರಮ ಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ ಎಂಬ ಏಳು ಸಂಸ್ಕಾರಗಳನ್ನು ಕ್ರಿಸ್ತರೇ ಸ್ಥಾಪಿಸಿದರು ಎಂಬುದು ನಮ್ಮ ವಿಶ್ವಾಸ. ತೀರ್ಥ, ಬೂದಿ, ಗರಿ, ಮನೆಯ ಆಶೀರ್ವಾದ ಇವೆಲ್ಲ ಧರ್ಮಸಭೆ ಕಾಲದಿಂದ ಕಾಲಕ್ಕೆ ರೂಪಿಸಿಕೊಂಡ ಉಪಸಂಸ್ಕಾರಗಳು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 1670ನೆಯ ಪರಿಚ್ಛೇದ ಈ ವ್ಯತ್ಯಾಸವನ್ನು ನೇರವಾಗಿ ಹೇಳುತ್ತದೆ: ಉಪಸಂಸ್ಕಾರಗಳು ಸಂಸ್ಕಾರಗಳ ರೀತಿಯಲ್ಲಿ ದೈವಕೃಪೆಯನ್ನು ಕೊಡುವುದಿಲ್ಲ; ಧರ್ಮಸಭೆಯ ಪ್ರಾರ್ಥನೆಯ ಮೂಲಕ ಆ ಕೃಪೆಯನ್ನು ಸ್ವೀಕರಿಸಲು, ಅದರೊಂದಿಗೆ ಸಹಕರಿಸಲು ನಮ್ಮನ್ನು ಅಣಿಗೊಳಿಸುತ್ತವೆ. ಅಂದರೆ ಆಶೀರ್ವಾದ ಮೊದಲಿಗೆ ಒಂದು ಪ್ರಾರ್ಥನೆ. ದೇವರನ್ನು ಸ್ತುತಿಸಿ, ಅವರ ಮುಂದೆ ಒಂದು ಬೇಡಿಕೆ ಇಡುವುದು. ಬೇಡಿದವರ ಕೈಗೆ ದೇವರ ಲಗಾಮು ಸಿಗುವುದಿಲ್ಲ.

1984ರ ಮೇ 31ರಂದು ರೋಮ್ ಪ್ರಕಟಿಸಿದ ಆಶೀರ್ವಾದಗಳ ಪುಸ್ತಕವನ್ನು ತೆರೆದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹೊಲ, ದನಕರು, ಕೆಲಸದ ಉಪಕರಣ, ವಾಹನ ಎಲ್ಲಕ್ಕೂ ಅದರಲ್ಲಿ ವಿಧಿಗಳಿವೆ. ಯಾವುದೇ ವಿಧಿಯಾಗಲಿ, ಮೊದಲು ದೇವರ ವಾಕ್ಯದ ಓದು, ಆಮೇಲೆ ಪ್ರಾರ್ಥನೆ. ವಾಹನದ ಪ್ರಾರ್ಥನೆಯಲ್ಲಿ ಬೇಡುವುದು ಅದನ್ನು ಬಳಸುವ ಮನುಷ್ಯರಿಗಾಗಿ. ಅವರು ಇತರರ ಸುರಕ್ಷತೆಯ ಬಗ್ಗೆಯೂ ಎಚ್ಚರ ಇಟ್ಟುಕೊಳ್ಳಲಿ ಎಂದು. ಹಾಗೆಯೇ, ಎರಡು ಮೇಣದಬತ್ತಿಗಳನ್ನು ಶಿಲುಬೆಯಾಕಾರದಲ್ಲಿ ಹಿಡಿದು ಗಂಟಲಿಗೆ ಆಶೀರ್ವಾದ ಪಡೆದವರು ಗಂಟಲಲ್ಲಿ ಗಂಟು ಕಾಣಿಸಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮನಸ್ಸಿನ ಭಾವವನ್ನು ಬಿಟ್ಟು ಬರೀ ಹೊರಗಿನ ಕ್ರಿಯೆಯಿಂದಲೇ ಫಲ ಬರುತ್ತದೆ ಎಂದುಕೊಳ್ಳುವುದನ್ನು ಧರ್ಮೋಪದೇಶ ಗ್ರಂಥದ 2111ನೆಯ ಪರಿಚ್ಛೇದ ಮೂಢನಂಬಿಕೆ ಎಂದೇ ಕರೆಯುತ್ತದೆ.

ಈ ತಪ್ಪು ತಿಳಿವಳಿಕೆಯ ಕ್ರೂರ ಮುಖ ಕಾಣುವುದು ಅಪಘಾತ ಆದ ಮನೆಯಲ್ಲಿ. ಮಗನನ್ನು ಕಳೆದುಕೊಂಡ ತಾಯಿಗೆ ‘ಗಾಡಿಗೆ ಆಶೀರ್ವಾದ ಮಾಡಿಸಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಮಾಡಿಸಿದ್ದೆವು ಎಂದರೆ ‘ವಿಶ್ವಾಸ ಸಾಕಾಗಲಿಲ್ಲವೇನೋ’ ಎನ್ನುವವರೂ ಇದ್ದಾರೆ. ಆ ಮಾತಿಗೆ ಧರ್ಮಸಭೆಯ ಬೋಧನೆಯಲ್ಲಿ ಯಾವ ಆಧಾರವೂ ಇಲ್ಲ. ತಂದೆಯ ಪ್ರೀತಿಯ ಮಗನೇ ಶಿಲುಬೆಯ ಮೇಲೆ ಸತ್ತರು ಎಂದು ಸಾರುವವರು ನಾವು. ನಮ್ಮ ಬಾಯಿಂದ ಅಂಥ ಮಾತು ಬರಲೇಬಾರದು.

ತಪ್ಪು ಕಲ್ಪನೆ: ಆಶೀರ್ವಾದ ಕೊಟ್ಟರೆ ಒಪ್ಪಿಗೆ ಕೊಟ್ಟಂತೆ

ಈಗ ಘೋಷಣಾಪತ್ರದ ವಿಷಯಕ್ಕೆ ಬರೋಣ. 2023ರ ಡಿಸೆಂಬರ್ 18ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತದ ವಿಭಾಗ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಪತ್ರವನ್ನು ಹೊರಡಿಸಿತು. ಆ ವಿಭಾಗದ ಮುಖ್ಯಸ್ಥರಾದ ಕಾರ್ಡಿನಲ್ ವಿಕ್ತೋರ್ ಮನ್ವೆಲ್ ಫೆರ್ನಾಂಡೆಸ್ ಅವರ ಸಹಿಯೂ ಪೋಪ್ ಫ್ರಾನ್ಸಿಸ್ ಅವರ ಅನುಮೋದನೆಯೂ ಅದಕ್ಕಿದ್ದವು. ಧರ್ಮಸಭೆಯ ಕಣ್ಣಲ್ಲಿ ಕ್ರಮಬದ್ಧವಲ್ಲದ ಸಂಬಂಧದಲ್ಲಿರುವ ಜೋಡಿಗಳಾಗಲಿ, ಸಲಿಂಗ ಜೋಡಿಗಳಾಗಲಿ ಬಂದು ಕೇಳಿಕೊಂಡರೆ ಗುರುಗಳು ಅವರನ್ನು ಆಶೀರ್ವದಿಸಬಹುದು ಎಂದು ಅದು ಹೇಳಿತು. ಕೆಲವೇ ಗಂಟೆಗಳಲ್ಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗಿದವು. ಚರ್ಚ್ ಕೊನೆಗೂ ಸಲಿಂಗ ವಿವಾಹವನ್ನು ಒಪ್ಪಿತು ಎಂದು ಒಂದು. ರೋಮ್ ಎರಡು ಸಾವಿರ ವರ್ಷದ ಬೋಧನೆಯನ್ನು ಕೈಬಿಟ್ಟಿತು ಎಂದು ಇನ್ನೊಂದು. ಒಂದು ಸಂಭ್ರಮದ್ದು, ಒಂದು ಸಂಕಟದ್ದು. ಎರಡರ ಬುಡದಲ್ಲೂ ಇದ್ದ ನಂಬಿಕೆ ಒಂದೇ: ಆಶೀರ್ವಾದ ಎಂದರೆ ಒಪ್ಪಿಗೆಯ ಮುದ್ರೆ.

ಪತ್ರವನ್ನು ಓದಿದವರಿಗೆ ಅದರ ಆರಂಭದಲ್ಲೇ ಉತ್ತರ ಸಿಗುತ್ತದೆ. ವಿವಾಹವೆಂದರೆ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣಿನ ನಡುವಿನ, ಬಿಡಿಸಲಾಗದ, ಮಕ್ಕಳನ್ನು ಸ್ವಾಗತಿಸುವ ಬಂಧ ಎಂಬ ಬೋಧನೆ ಹಾಗೆಯೇ ಇದೆ ಎಂದು ಅದು ಮೊದಲೇ ಹೇಳುತ್ತದೆ. ಆಮೇಲೆ ಆಶೀರ್ವಾದವನ್ನು ಎರಡಾಗಿ ಬಿಡಿಸುತ್ತದೆ. ಒಂದು, ಆರಾಧನೆಯ ಪುಸ್ತಕದಲ್ಲಿ ವಿಧಿಯಿರುವ ಆಶೀರ್ವಾದ. ಅದನ್ನು ಕೇಳುವವರ ಸ್ಥಿತಿ ಧರ್ಮಸಭೆಯ ಬೋಧನೆಗೆ ಹೊಂದಿಕೊಂಡಿರಬೇಕು. ಇನ್ನೊಂದು, ದಾರಿಯಲ್ಲಿ ಎದುರಾದವರು, ಪುಣ್ಯಕ್ಷೇತ್ರಕ್ಕೆ ಬಂದವರು, ಅಳುತ್ತಾ ಗುರುಗಳ ಬಾಗಿಲಿಗೆ ಬಂದವರು ಬೇಡುವ, ಆ ಕ್ಷಣದ ಆಶೀರ್ವಾದ. ಇದಕ್ಕೆ ಪುಸ್ತಕವಿಲ್ಲ, ಇರಲೂಬಾರದು ಎನ್ನುತ್ತದೆ ಪತ್ರ. ನೋಂದಣಿ ಮದುವೆಯ ಸಮಾರಂಭದ ಜೊತೆಗಾಗಲಿ ಅದಕ್ಕೆ ಸಂಬಂಧ ಕಲ್ಪಿಸಿಯಾಗಲಿ ಅದನ್ನು ಕೊಡುವಂತಿಲ್ಲ. ಮದುವೆಯ ಉಡುಪು, ಮದುವೆಯ ಸನ್ನೆ, ಮದುವೆಯ ಮಾತು ಯಾವುದೂ ಕೂಡದು. ಇಷ್ಟಾದರೂ ಅನುಮಾನ ಉಳಿದದ್ದರಿಂದ 2024ರ ಜನವರಿ 4ರಂದು ಅದೇ ವಿಭಾಗ ಒಂದು ಸ್ಪಷ್ಟನೆ ಕೊಟ್ಟಿತು. ಹತ್ತು ಹದಿನೈದು ಸೆಕೆಂಡುಗಳಲ್ಲಿ ಮುಗಿಯುವ, ಇಬ್ಬರ ಆರೋಗ್ಯ, ಉದ್ಯೋಗ, ನೆಮ್ಮದಿಗಾಗಿ, ದೇವರ ಚಿತ್ತದಂತೆ ಬದುಕುವ ಬಲಕ್ಕಾಗಿ ಬೇಡುವ ಸರಳ ಪ್ರಾರ್ಥನೆ ಇದು, ಅವರ ಬದುಕಿಗೆ ಕೊಟ್ಟ ಅನುಮೋದನೆ ಅಲ್ಲ ಎಂದು.

ಇದೇ ವಿಭಾಗ 2021ರ ಮಾರ್ಚ್ 15ರಂದು ಸಲಿಂಗ ಸಂಬಂಧಗಳನ್ನು ಆಶೀರ್ವದಿಸುವ ಅಧಿಕಾರ ಧರ್ಮಸಭೆಗೆ ಇಲ್ಲ ಎಂದು ಉತ್ತರ ಕೊಟ್ಟಿತ್ತಲ್ಲ, ಮೂರು ವರ್ಷ ತುಂಬುವ ಮುಂಚೆಯೇ ಮಾತು ತಿರುಗಿಸಿತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2021ರ ಉತ್ತರ ಸಂಬಂಧವನ್ನು ಆಶೀರ್ವದಿಸುವುದರ ಬಗ್ಗೆ ಇತ್ತು, ಆ ‘ಇಲ್ಲ’ ಇಂದಿಗೂ ನಿಂತಿದೆ. ವ್ಯಕ್ತಿಗಳನ್ನು ಆಶೀರ್ವದಿಸಬಹುದು ಎಂದು ಆ ಉತ್ತರದಲ್ಲೂ ಇತ್ತು. 2023ರ ಪತ್ರ ಮುಂದಿಟ್ಟ ಹೆಜ್ಜೆ ಎಂದರೆ, ಇಬ್ಬರೂ ಜೊತೆಯಾಗಿ ಬಂದು ಕೇಳಿದರೂ ಅವರನ್ನು ಬರಿಗೈಯಲ್ಲಿ ಕಳಿಸಬೇಕಿಲ್ಲ ಎಂದದ್ದು. ಈ ಹೆಜ್ಜೆ ಎಲ್ಲರಿಗೂ ಸಮಾಧಾನ ತರಲಿಲ್ಲ. 2024ರ ಜನವರಿ 11ರಂದು ಆಫ್ರಿಕದ ಧರ್ಮಾಧ್ಯಕ್ಷರ ಒಕ್ಕೂಟದ ಪರವಾಗಿ ಕಿನ್ಶಾಸಾದ ಕಾರ್ಡಿನಲ್ ಫ್ರಿದೋಲಿನ್ ಅಂಬೊಂಗೊ ಅವರು, ತಮ್ಮ ಖಂಡದಲ್ಲಿ ಸಲಿಂಗ ಜೋಡಿಗಳಿಗೆ ಇಂಥ ಆಶೀರ್ವಾದ ಸೂಕ್ತವಲ್ಲ, ಜನರಿಗೆ ಗೊಂದಲವಾಗುತ್ತದೆ ಎಂದು ಹೇಳಿಕೆ ಕೊಟ್ಟರು. ಪೋಪರೊಂದಿಗಿನ ಐಕ್ಯವನ್ನು ಅದೇ ಹೇಳಿಕೆಯಲ್ಲಿ ದೃಢಪಡಿಸಿದರು. ಸ್ಥಳೀಯ ಧರ್ಮಾಧ್ಯಕ್ಷರು ತಮ್ಮ ಊರಿನ ಪರಿಸ್ಥಿತಿ ನೋಡಿ ವಿವೇಚಿಸಬೇಕು ಎಂಬುದನ್ನು ರೋಮ್ ಕೂಡ ಒಪ್ಪಿದೆ.

ಈ ಪತ್ರ ಕೇಳಿದ ಮೂಲ ಪ್ರಶ್ನೆ ಸರಿಯಾದದ್ದೆಂದು ನನಗನ್ನಿಸುತ್ತದೆ. ಆಶೀರ್ವಾದ ಕೇಳಿಕೊಂಡು ಬಂದವರು ಏನನ್ನು ಕೇಳುತ್ತಿದ್ದಾರೆ? ನನ್ನಿಂದಾಗದು, ದೇವರು ಬೇಕು ಎಂದು ಕೇಳುತ್ತಿದ್ದಾರೆ. ಜೈಲಿಗೆ ಹೋಗುವ ಗುರುಗಳು ಕೈದಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಅವರ ಅಪರಾಧಕ್ಕೆ ಸಮ್ಮತಿ ಕೊಟ್ಟರು ಎಂದು ಯಾರೂ ಹೇಳುವುದಿಲ್ಲ. ಭಾನುವಾರದ ಪೂಜೆಯ ಕೊನೆಯಲ್ಲಿ ಗುರುಗಳು ಕೈಯೆತ್ತಿ ಶಿಲುಬೆಯ ಗುರುತು ಮಾಡುವಾಗ ಬಡ್ಡಿ ವ್ಯಾಪಾರದವನೂ, ಅಣ್ಣನ ಮೇಲೆ ಕೋರ್ಟಿಗೆ ಹೋದವನೂ, ಹೆಂಡತಿಯನ್ನು ಹೊಡೆದು ಬಂದವನೂ ಅದೇ ಆಶೀರ್ವಾದದ ಕೆಳಗೆ ತಲೆ ಬಾಗಿಸಿರುತ್ತಾರೆ. ಅವರನ್ನು ತಡೆದು ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಕೆಲವರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಲೆಕ್ಕ ಕೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

ತಪ್ಪು ಕಲ್ಪನೆ: ಆಶೀರ್ವಾದ ಆಯಿತಲ್ಲ, ಮದುವೆಯೂ ಆದಂತೆ

ಇದು ಹಿಂದಿನದರ ಮಗ್ಗುಲು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ ಕಥೋಲಿಕ ಜೋಡಿ ಮನೆಗೆ ಗುರುಗಳನ್ನು ಕರೆಸಿ ಮನೆಗೆ, ಉಂಗುರಕ್ಕೆ ಆಶೀರ್ವಾದ ಮಾಡಿಸುತ್ತಾರೆ. ಸಂಬಂಧಿಕರು ‘ಚರ್ಚಿನಲ್ಲೂ ಸರಿಯಾಯಿತು’ ಎಂದುಕೊಳ್ಳುತ್ತಾರೆ. ಸರಿಯಾಗಿಲ್ಲ. ಧರ್ಮಸಭೆಯ ಕಾನೂನಿನ 1108ನೆಯ ವಿಧಿಯಂತೆ ಕಥೋಲಿಕರ ವಿವಾಹ ಊರ್ಜಿತವಾಗಲು ಧರ್ಮಾಧ್ಯಕ್ಷರು, ಧರ್ಮಕೇಂದ್ರದ ಗುರುಗಳು ಅಥವಾ ಅವರು ಅಧಿಕಾರ ಕೊಟ್ಟವರ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಒಪ್ಪಿಗೆ ಹೇಳಬೇಕು. ಹಾಗೆ ಆಗದ ಮದುವೆಯನ್ನು ಊರ್ಜಿತಗೊಳಿಸುವ ದಾರಿಯೂ ಅದೇ ಕಾನೂನಿನಲ್ಲಿದೆ. ಅಡ್ಡಿಗಳೇನೂ ಇಲ್ಲದಿದ್ದರೆ ಅದು ದೊಡ್ಡ ಸಮಾರಂಭವೇ ಆಗಬೇಕೆಂದಿಲ್ಲ, ಸದ್ದಿಲ್ಲದೆ ನಡೆಯಬಹುದು. ಮುಜುಗರಕ್ಕೆ ಹೆದರಿ ಎಷ್ಟೋ ಮಂದಿ ವರ್ಷಗಟ್ಟಲೆ ಪರಮ ಪ್ರಸಾದವಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಗುರುಗಳ ಹತ್ತಿರ ಒಮ್ಮೆ ಮಾತಾಡಿದರೆ ದಾರಿ ತಿಳಿಯುತ್ತದೆ.

ಪಾಪನಿವೇದನೆಗೂ ಇದೇ ಮಾತು. ‘ಫಾದರ್, ಪಾಪನಿವೇದನೆಗೆ ಹೊತ್ತಿಲ್ಲ, ಒಂದು ಆಶೀರ್ವಾದ ಕೊಟ್ಟುಬಿಡಿ’ ಎಂದರೆ ಗುರುಗಳು ಕೊಡುತ್ತಾರೆ. ಪಾಪಕ್ಷಮೆಯ ಸಂಸ್ಕಾರದ ಜಾಗದಲ್ಲಿ ಅದು ಕೂರುವುದಿಲ್ಲ.

ತಪ್ಪು ಕಲ್ಪನೆ: ಆಶೀರ್ವದಿಸುವ ಹಕ್ಕು ಗುರುಗಳಿಗೆ ಮಾತ್ರ

ಈ ಒಂದು ತಪ್ಪಿನಿಂದ ನಮ್ಮ ಮನೆಗಳು ಕಳೆದುಕೊಂಡದ್ದು ಬಹಳ. ಧರ್ಮೋಪದೇಶ ಗ್ರಂಥದ 1669ನೆಯ ಪರಿಚ್ಛೇದದ ಪ್ರಕಾರ ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರೂ ಆಶೀರ್ವಾದವಾಗಿರಲು ಮತ್ತು ಆಶೀರ್ವದಿಸಲು ಕರೆಯಲ್ಪಟ್ಟವರು. ಕೆಲವು ಆಶೀರ್ವಾದಗಳನ್ನು ಸಾಮಾನ್ಯ ವಿಶ್ವಾಸಿಗಳೂ ನಡೆಸಬಹುದು. ಧರ್ಮಸಭೆಯ ಜೀವನಕ್ಕೆ, ಸಂಸ್ಕಾರಗಳಿಗೆ ಒಂದು ಆಶೀರ್ವಾದ ಹತ್ತಿರವಾದಷ್ಟೂ ಅದು ಗುರುದೀಕ್ಷೆ ಪಡೆದವರಿಗೆ ಮೀಸಲು. ಚರ್ಚಿನ ಪ್ರತಿಷ್ಠಾಪನೆ ಧರ್ಮಾಧ್ಯಕ್ಷರ ಕೆಲಸ. ಊಟದ ತಟ್ಟೆಯ ಮುಂದಿನ ಆಶೀರ್ವಾದ ಅಪ್ಪ ಅಮ್ಮನ ಕೆಲಸ. 1984ರ ಪುಸ್ತಕದಲ್ಲಿ ಮಕ್ಕಳನ್ನು ಹೆತ್ತವರೇ ಆಶೀರ್ವದಿಸುವ ವಿಧಿ ಇದೆ. ನಿಶ್ಚಿತಾರ್ಥದ ದಿನ ಹುಡುಗ ಹುಡುಗಿಯನ್ನು ಆಶೀರ್ವದಿಸುವಾಗ ಗುರುಗಳು ಇಲ್ಲದಿದ್ದರೆ ತಂದೆತಾಯಿಯೇ ಮುಂದೆ ನಿಂತು ನಡೆಸಬಹುದು ಎಂದಿದೆ.

ಶುಭಸಂದೇಶದಲ್ಲಿ ಮಗು ಯೇಸುವನ್ನು ದೇವಾಲಯಕ್ಕೆ ತಂದ ದಿನ ಮರಿಯ ಮತ್ತು ಜೋಸೆಫರನ್ನು ಆಶೀರ್ವದಿಸಿದವರು ಸಿಮೆಯೋನ. ಸಂತ ಲೂಕರು ಅವರನ್ನು ನೀತಿವಂತ, ದೈವಭಕ್ತ ಎಂದು ವರ್ಣಿಸುತ್ತಾರೆ, ಯಾಜಕ ಎಂದು ಎಲ್ಲೂ ಹೇಳುವುದಿಲ್ಲ. ಮರಿಯಳನ್ನು ಕಂಡ ಕೂಡಲೇ ಧನ್ಯಳೆಂದು ಕೂಗಿ ಹರಸಿದ ಎಲಿಸಬೇತಳು ಬಸುರಿ ಹೆಂಗಸು, ತನ್ನ ಮನೆಯಲ್ಲಿದ್ದವಳು.

ನಮ್ಮ ಕರಾವಳಿಯ ಕೊಂಕಣಿ ಮನೆಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಂಜೆಯ ಜಪಸರ ಮುಗಿದೊಡನೆ ಮಕ್ಕಳು ಸಾಲಾಗಿ ಅಜ್ಜ ಅಜ್ಜಿಯ ಮುಂದೆ, ಅಪ್ಪ ಅಮ್ಮನ ಮುಂದೆ ಕೈಮುಗಿದು ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುತ್ತಿದ್ದರು. ಹಗಲೆಲ್ಲ ಜಗಳವಾಡಿದ ಮಗನೂ ಆ ಹೊತ್ತಿಗೆ ಬಂದು ನಿಲ್ಲಲೇಬೇಕಿತ್ತು, ಬೈದ ಅಪ್ಪನೂ ಕೈಯೆತ್ತಿ ಹರಸಲೇಬೇಕಿತ್ತು. ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಿ ಹಿರಿಯರು ತೆಂಗಿನ ಹಾಲು ಹಚ್ಚಿ ಹರಸುವುದೂ ಇದೇ ಬಗೆಯದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸುವವರು ಗುರುಗಳೇ. ಆ ತೆನೆ ಮನೆಗೆ ಬಂದ ಮೇಲೆ ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುವವರು ಮನೆಯ ಹಿರಿಯರು. ಚರ್ಚಿನಲ್ಲಿ ಶುರುವಾದ ಆಶೀರ್ವಾದ ಊಟದ ಮನೆಯಲ್ಲಿ ಮುಗಿಯುತ್ತದೆ.

ಜಪಸರ ನಿಂತ ಮನೆಗಳಲ್ಲಿ ಬೆಸಾಂವ್ ಕೂಡ ನಿಂತಿತು. ಘಟ್ಟದ ಮೇಲೆ, ಮೈಸೂರು ಬೆಂಗಳೂರು ಕಡೆಯ ಕನ್ನಡ ಮನೆಗಳಲ್ಲಿ ಮಲಗುವ ಮುಂಚೆ ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆಯುವ ತಾಯಂದಿರು ಇನ್ನೂ ಇದ್ದಾರೆ. ಅದೂ ಆಶೀರ್ವಾದವೇ, ಪೂರ್ಣ ಅರ್ಥದಲ್ಲಿ. 2013ರ ಮಾರ್ಚ್ 13ರ ರಾತ್ರಿ ಹೊಸದಾಗಿ ಆಯ್ಕೆಯಾದ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದ ಬಾಲ್ಕನಿಗೆ ಬಂದಾಗ ಜನರನ್ನು ಆಶೀರ್ವದಿಸುವುದಕ್ಕೆ ಮುಂಚೆ, ನೀವು ನನಗಾಗಿ ದೇವರ ಆಶೀರ್ವಾದ ಬೇಡಿ ಎಂದು ಕೇಳಿ ತಲೆ ಬಾಗಿಸಿ ನಿಂತರು. ಚೌಕದಲ್ಲಿ ತುಂಬಿದ್ದವರಲ್ಲಿ ಬಹುಪಾಲು ಸಾಮಾನ್ಯ ವಿಶ್ವಾಸಿಗಳು.

ತಪ್ಪು ಕಲ್ಪನೆ: ಬಾಳಂತಿಗೆ ಆಶೀರ್ವಾದ ಮೈಲಿಗೆ ಕಳೆಯಲಿಕ್ಕೆ

ಹೆರಿಗೆಯಾಗಿ ನಲವತ್ತು ದಿನ ಕಳೆಯುವವರೆಗೆ ಚರ್ಚಿಗೆ ಬರಬಾರದು, ಬಂದ ದಿನ ಗುರುಗಳು ಪ್ರಾರ್ಥನೆ ಮಾಡಿ ಒಳಗೆ ಕರೆದುಕೊಳ್ಳಬೇಕು ಎಂದು ಹಳೆಯ ತಲೆಮಾರಿನ ಕೆಲವರು ಈಗಲೂ ಹೇಳುತ್ತಾರೆ. ಬಾಳಂತಿಗೆ ವಿಶ್ರಾಂತಿ ಬೇಕು ಎಂಬುದು ಬೇರೆ ಮಾತು, ಅದು ಬೇಕೇ ಬೇಕು. ಮೈಲಿಗೆಯ ಮಾತು ಮಾತ್ರ ಧರ್ಮಸಭೆಯದಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ಶುದ್ಧೀಕರಣದ ದಿನಗಳಿದ್ದವು, ಮಾತೆ ಮರಿಯ ಅದನ್ನು ಪಾಲಿಸಿದರು. ಕ್ರೈಸ್ತರು ಆ ಕಟ್ಟಳೆಗೆ ಒಳಪಟ್ಟವರಲ್ಲ. ಇಂಗ್ಲೆಂಡಿಗೆ ಹೋಗಿದ್ದ ಧರ್ಮಪ್ರಚಾರಕ ಆಗಸ್ಟೀನರು ಇದನ್ನೇ ಕೇಳಿದಾಗ ಪೋಪ್ ಮಹಾ ಗ್ರೆಗೊರಿಯವರಿಂದ ಬಂದ ಉತ್ತರವನ್ನು ಇತಿಹಾಸಕಾರ ಬೀಡ್ ದಾಖಲಿಸಿದ್ದಾರೆ: ಹೆತ್ತ ಗಳಿಗೆಯಲ್ಲೇ ಕೃತಜ್ಞತೆ ಹೇಳಲು ದೇವಾಲಯಕ್ಕೆ ಬಂದರೂ ಆಕೆಗೆ ಪಾಪವಿಲ್ಲ. ಸಾವಿರದ ನಾನೂರು ವರ್ಷಗಳಷ್ಟು ಹಿಂದಿನ ಮಾತಿದು.

ಹಳೆಯ ರೋಮನ್ ವಿಧಿಗ್ರಂಥದಲ್ಲಿದ್ದ ಬಾಳಂತಿಯ ಆಶೀರ್ವಾದವೂ ಕೃತಜ್ಞತೆಯ ಪ್ರಾರ್ಥನೆಯೇ ಆಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಬಂದ ಮಕ್ಕಳ ಜ್ಞಾನಸ್ನಾನದ ವಿಧಿಯಲ್ಲಿ ಕೊನೆಗೆ ತಾಯಿ, ತಂದೆ, ನೆರೆದವರು ಎಲ್ಲರಿಗೂ ಆಶೀರ್ವಾದ ಸೇರಿಸಲಾಗಿದೆ. ಹೆರಿಗೆಗೆ ಮುಂಚಿನ ಆಶೀರ್ವಾದವೂ 1984ರ ಪುಸ್ತಕದಲ್ಲಿದೆ. ಅದನ್ನು ಕೇಳುವವರು ಕಡಿಮೆ. ಆಸ್ಪತ್ರೆಗೆ ಹೊರಡುವ ಹೆಣ್ಣುಮಗಳಿಗೆ ಭಯ ಇರುತ್ತದೆ, ಈ ಪ್ರಾರ್ಥನೆ ಇರುವುದೇ ಆ ಹೊತ್ತಿಗಾಗಿ ಎಂದು ಪ್ರತಿ ಧರ್ಮಕೇಂದ್ರದಲ್ಲೂ ಹೇಳಬೇಕು.

ತಪ್ಪು ಕಲ್ಪನೆ: ಆ ಗುರುಗಳ ಆಶೀರ್ವಾದಕ್ಕೆ ಪವರ್ ಜಾಸ್ತಿ

ನಮ್ಮ ಚರ್ಚಿನ ಫಾದರ್ ಮಾಡಿದರೆ ಸಾಲದು, ಇಂಥ ಧ್ಯಾನಕೇಂದ್ರದ ಇಂಥವರೇ ಕೈಯಿಡಬೇಕು ಎಂದು ಬಸ್ಸು ಹತ್ತುವವರಿದ್ದಾರೆ. ಪ್ರಾರ್ಥನೆಯಲ್ಲಿ ವಿಶೇಷ ವರ ಪಡೆದವರು ಧರ್ಮಸಭೆಯಲ್ಲಿ ಇರುತ್ತಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಗುರುಗಳು ಆಶೀರ್ವದಿಸುವಾಗ ಪ್ರಾರ್ಥಿಸುವುದು ಇಡೀ ಧರ್ಮಸಭೆಯ ಹೆಸರಿನಲ್ಲಿ. ಸಂಖ್ಯಾಕಾಂಡದ 6ನೆಯ ಅಧ್ಯಾಯದಲ್ಲಿ ಆರೋನನಿಗೂ ಅವನ ಮಕ್ಕಳಿಗೂ ಆಶೀರ್ವಾದದ ಮಾತುಗಳನ್ನು ಕೊಟ್ಟ ದೇವರು ಕೊನೆಯಲ್ಲಿ, ಜನರನ್ನು ಆಶೀರ್ವದಿಸುವವನು ನಾನು ಎಂದು ಸ್ಪಷ್ಟಪಡಿಸುತ್ತಾರೆ. ಹಳ್ಳಿಯ ವಯಸ್ಸಾದ ಗುರುಗಳು ನಡುಗುವ ಕೈಯಿಂದ ಹಾಕಿದ ಶಿಲುಬೆಗೂ ವೇದಿಕೆಯ ಮೇಲೆ ಮೈಕ್ ಹಿಡಿದು ಕೊಟ್ಟದ್ದಕ್ಕೂ ಕೊಡುವಾತ ಒಬ್ಬನೇ.

ಇದರ ಜೊತೆಗೇ ಮಾಟ, ದೃಷ್ಟಿ, ದೆವ್ವ ಬಿಡಿಸುವ ಮಾತು ಬರುತ್ತದೆ. ಇಲ್ಲಿ ನಿಯಮ ಬಿಗಿಯಾಗಿದೆ. ದೆವ್ವ ಹಿಡಿದಿದೆ ಎಂದು ವಿಧಿಪೂರ್ವಕವಾಗಿ ಬಿಡಿಸುವ ಕ್ರಿಯೆಯನ್ನು ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ, ಭಕ್ತಿ, ಜ್ಞಾನ, ವಿವೇಕವುಳ್ಳ ಗುರುಗಳು ಮಾತ್ರ ಮಾಡಬಹುದು ಎನ್ನುತ್ತದೆ ಧರ್ಮಸಭೆಯ ಕಾನೂನಿನ 1172ನೆಯ ವಿಧಿ. ಕಾಯಿಲೆಯೇ ಬೇರೆ, ಅದನ್ನು ನೋಡಬೇಕಾದದ್ದು ವೈದ್ಯಶಾಸ್ತ್ರ ಎಂದು ಧರ್ಮೋಪದೇಶ ಗ್ರಂಥ ಎಚ್ಚರಿಸುತ್ತದೆ. ಗುಣಪಡಿಸುವ ಪ್ರಾರ್ಥನಾಕೂಟಗಳ ಬಗ್ಗೆ 2000ದ ಸೆಪ್ಟೆಂಬರ್ 14ರ ದಿನಾಂಕದಲ್ಲಿ ರೋಮ್ ಕೊಟ್ಟ ಸೂಚನೆ ಅಲ್ಲಿ ಉನ್ಮಾದ, ನಾಟಕೀಯತೆ ಇರಬಾರದು ಎನ್ನುತ್ತದೆ. ಖಿನ್ನತೆಯಿಂದ ಮಂಕಾದ ಹುಡುಗಿಗೆ, ಫಿಟ್ಸ್ ಬರುವ ಹುಡುಗನಿಗೆ ಮಾಟವೆಂದು ಹೇಳಿ ಔಷಧ ನಿಲ್ಲಿಸುವುದು ಧರ್ಮಸಭೆಯ ಬೋಧನೆಗೇ ವಿರುದ್ಧ. ಔಷಧವೂ ನಡೆಯಲಿ, ರೋಗಿಗಳ ಅಭ್ಯಂಗವೂ ನಡೆಯಲಿ.

ತಪ್ಪು ಕಲ್ಪನೆ: ಕ್ರೈಸ್ತರಲ್ಲದವರಿಗೆ ಆಶೀರ್ವಾದ ಇಲ್ಲ

ಕೆ.ಆರ್. ನಗರದ ಬಳಿಯ ಡೋರನಹಳ್ಳಿಯ ಸಂತ ಅಂತೋಣಿಯವರ ಬೆಸಿಲಿಕಾಕ್ಕೆ, ಗುರುವಾರಗಳಂದು ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ, ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮೇರಿಯವರ ಬೆಸಿಲಿಕಾಕ್ಕೆ ಹೋದರೆ ಈ ಮಾತನ್ನು ಯಾರೂ ಹೇಳಲಾರರು. ಅಲ್ಲಿ ಸಾಲಿನಲ್ಲಿ ನಿಲ್ಲುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಇದು ಬರೀ ಊರಿನ ಔದಾರ್ಯವಲ್ಲ, ಕಾನೂನೂ ಇದನ್ನೇ ಹೇ​ಳುತ್ತದೆ: ಆಶೀರ್ವಾದಗಳನ್ನು ಮುಖ್ಯವಾಗಿ ಕಥೋಲಿಕರಿಗೆ ಕೊಟ್ಟರೂ, ಜ್ಞಾನಸ್ನಾನಕ್ಕೆ ಸಿದ್ಧವಾಗುತ್ತಿರುವವರಿಗೂ, ನಿಷೇಧ ಇಲ್ಲದಿದ್ದರೆ ಕಥೋಲಿಕರಲ್ಲದವರಿಗೂ ಕೊಡಬಹುದು ಎಂಬುದು 1170ನೆಯ ವಿಧಿ. ಪರಮ ಪ್ರಸಾದದ ಮಾತು ಬೇರೆ. ಅದು ಸಂಸ್ಕಾರ, ಅದಕ್ಕೆ ಜ್ಞಾನಸ್ನಾನ, ಸಿದ್ಧತೆ ಬೇಕು. ಗೆಳೆಯನ ಮದುವೆಗೆ ಬಂದ ಹಿಂದೂ ಮುಸ್ಲಿಂ ಸ್ನೇಹಿತರಿಗೆ ಇದನ್ನು ಮುಂಚೆಯೇ ಮೆಲ್ಲಗೆ ತಿಳಿಸಿದರೆ ಪೀಠದ ಮುಂದೆ ಯಾರಿಗೂ ಇರುಸುಮುರುಸಾಗುವುದಿಲ್ಲ. ಪೂಜೆಯ ಕೊನೆಯ ಆಶೀರ್ವಾದದಲ್ಲಿ ಅವರಿಗೂ ಪಾಲಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ತಪ್ಪು ಕಲ್ಪನೆ: ಆಶೀರ್ವದಿಸಿದ ಸ್ವರೂಪ ಒಡೆದರೆ ಅಪಶಕುನ

ಒಡೆದರೆ ಒಡೆಯಿತು, ಅಷ್ಟೇ. ಪವಿತ್ರ ವಸ್ತುಗಳನ್ನು ಗೌರವದಿಂದ ಕಾಣಬೇಕು, ಅವುಗಳಿಗೆ ಒಗ್ಗದ ಬಳಕೆಗೆ ಹಾಕಬಾರದು ಎಂಬುದಷ್ಟೇ ನಿಯಮ. ಹಳೆಯ ಜಪಸರ, ಮುರಿದ ಸ್ವರೂಪಗಳನ್ನು ಕಸದ ಗಾಡಿಗೆ ಹಾಕದೆ ಮಣ್ಣಿನಲ್ಲಿ ಹೂಳುವುದು, ಗರಿ ಕಾಗದಗಳನ್ನು ಸುಡುವುದು ವಾಡಿಕೆ. ಹಳೆಯ ಗರಿಗಳನ್ನು ತಪಸ್ಸುಕಾಲಕ್ಕೆ ಮುಂಚೆ ಚರ್ಚಿಗೆ ಕೊಟ್ಟರೆ ಇನ್ನೂ ಒಳ್ಳೆಯದು, ಬೂದಿ ಬುಧವಾರದ ಬೂದಿ ಆಗುವುದು ಅವುಗಳಿಂದಲೇ.

ತಪ್ಪು ಕಲ್ಪನೆ: ಕಾಣಿಕೆ ಕೊಡದಿದ್ದರೆ ಆಶೀರ್ವಾದ ಇಲ್ಲ

ಪವಿತ್ರಾತ್ಮರ ವರವನ್ನು ಹಣ ಕೊಟ್ಟು ಕೊಳ್ಳಲು ಬಂದ ಸಿಮೋನನನ್ನು ಸಂತ ಪೇತ್ರರು ಗದರಿಸಿ ಕಳಿಸಿದ ಕಥೆ ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದಲ್ಲಿದೆ. ಪವಿತ್ರವಾದದ್ದನ್ನು ಮಾರುವ, ಕೊಳ್ಳುವ ಪಾಪಕ್ಕೆ ಅವನ ಹೆಸರೇ ಅಂಟಿಕೊಂಡಿತು. ಗುರುಗಳ ಜೀವನಕ್ಕೆ, ಚರ್ಚಿನ ಖರ್ಚಿಗೆ ವಿಶ್ವಾಸಿಗಳು ಕೈಲಾದದ್ದನ್ನು ಕೊಡುವ ಪದ್ಧತಿ ಹಳೆಯದು, ಅದು ನಮ್ಮ ಕರ್ತವ್ಯವೂ ಹೌದು. ಅದು ಬೆಲೆಯಲ್ಲ. ಸಂಸ್ಕಾರಗಳಿಗೆ ನಿಗದಿಯಾದ ಕಾಣಿಕೆಗಿಂತ ಹೆಚ್ಚು ಕೇಳುವಂತಿಲ್ಲ, ಬಡತನದ ಕಾರಣಕ್ಕೆ ಯಾರೂ ಸಂಸ್ಕಾರದಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕು ಎಂದು ಕಾನೂನಿನ 848ನೆಯ ವಿಧಿ ಗುರುಗಳಿಗೇ ಹೇಳುತ್ತದೆ. ಕಾಣಿಕೆ ಇಲ್ಲದಿದ್ದರೂ ವಿಶ್ವಾಸಿಗಳಿಗಾಗಿ, ಅದರಲ್ಲೂ ಬಡವರಿಗಾಗಿ ಪೂಜೆ ಅರ್ಪಿಸಿ ಎಂದು 945ನೆಯ ವಿಧಿ ಒತ್ತಿ ಹೇಳುತ್ತದೆ. ಅನೇಕ ಮನೆಗಳ ಗೋಡೆಯ ಮೇಲೆ ಚೌಕಟ್ಟಿನಲ್ಲಿರುವ ಪೋಪರ ಆಶೀರ್ವಾದಪತ್ರವನ್ನೇ ನೋಡಿ. ಅದನ್ನು ಕೊಡುವುದು ವ್ಯಾಟಿಕನ್ನಿನ ದಾನಧರ್ಮದ ಕಚೇರಿ, ಅದರಿಂದ ಬಂದ ಹಣ ಬಡವರ ನೆರವಿಗೆ ಹೋಗುತ್ತದೆ.

ಕೂಲಿ ಮಾಡಿ ಎರಡು ಕೋಣೆಯ ಮನೆ ಕಟ್ಟಿದವರು, ಕವರಿನಲ್ಲಿ ಇಡಲು ಏನೂ ಇಲ್ಲವೆಂದು ಗುರುಗಳನ್ನು ಕರೆಯದೆ ಸುಮ್ಮನಿರುತ್ತಾರೆ. ಅವರು ಕರೆಯಬೇಕು. ಪೂಜೆ ಮುಗಿದ ಮೇಲೆ ಸಕ್ರಿಸ್ತಿಯ ಬಾಗಿಲಿಗೆ ಹೋಗಿ ದಿನ ಕೇಳಿ ಬರೆಸಿದರಾಯಿತು. ಮನೆಯಲ್ಲಿ ಒಂದು ಮೇಜು, ಶಿಲುಬೆ, ಮೇಣದಬತ್ತಿ, ಬೈಬಲ್ ಇದ್ದರೆ ಸಾಕು; ತೀರ್ಥವನ್ನು ಗುರುಗಳೇ ತರುತ್ತಾರೆ. ಓದುವ ಭಾಗವನ್ನು ಮನೆಯ ಮಗುವಿಗೆ ಓದಲು ಹೇಳಿ.